ಬೆಳಿಗ್ಗೆ ಬಿಗಿ, ಸಂಜೆ ಸಲೀಸು

ಶಿವಮೊಗ್ಗ
೨-೧೨-೧೯೬೩

ಮಾವಾ,

ನಮಸ್ಕಾರ. ಕ್ಷೇಮ ಸಮಾಚಾರ ಎಲ್ಲಾ ಕೊನೇಲಿ ಬರೀತೀನಿ. ಮೊದ್ಲು ವಿಷಯ ಕೇಳಿ, ನಂಗೆ ತಡ್ಕೊಳ್ಳೋಕೇ ಆಗ್ತಿಲ್ಲ.

ಫೆಬ್ರವರೀಲಿ ಮೈಸೂರಲ್ಲಿ ಏರ್ ರೈಫಲ್ ಸ್ಪರ್ಧೆ ಇದೆ! ನಮ್ಮ ಕಾಲೇಜಿನ ರೈಫಲ್ ಕ್ಲಬ್ಬಿಂದ ನಾಲ್ಕೇ ಹುಡುಗೀರು ಹೋಗೋದು. ಆಯ್ಕೆ ಜನವರಿ ಹತ್ತೊಂಬತ್ತಕ್ಕೆ. ಆದ್ರೆ ಕ್ಲಬ್ಬಿನ ಗನ್ನು ಸ್ಪ್ರಿಂಗ್ ಮುರ್ಕೊಂಡು ಮೂಲೇಲಿ ಕೂತಿದೆ. ನಮಗೆ ಹೇಳ್ಕೊಡೋ ಸುಬೇದಾರ್ ಸಾಹೇಬ್ರು ಒಂದೇ ಮಾತಲ್ಲಿ ಹೇಳ್ಬಿಟ್ರು. "ಸ್ವಂತದ್ದು ಇದ್ದೋರು ತನ್ನಿ. ಇಲ್ದೋರು ಚಪ್ಪಾಳೆ ಹೊಡಿಯೋಕೆ ಬನ್ನಿ." ಮಾವಾ, ನಾನು ಚಪ್ಪಾಳೆ ಹೊಡಿಯೋ ಪೈಕಿ ಅಲ್ಲ. ನಿಮಗೆ ಗೊತ್ತಲ್ಲ.

ಹೊಸಾದು ಎಲ್ಲೂ ಸಿಗಲ್ಲ. ಗಾಂಧಿ ಬಜಾರಲ್ಲಿ ಬಾಬು ಸಾಬ್ರ ಅಂಗಡಿ ಇದೆಯಲ್ಲ, ಬೀಗ, ಸ್ಟವ್ವು, ಪೆಟ್ರೋಮ್ಯಾಕ್ಸ್ ಎಲ್ಲಾ ರಿಪೇರಿ ಮಾಡ್ತಾರಲ್ಲ, ಅಲ್ಲಿ ಹಳೇವು ಎರಡು ಮಾರೋಕಿವೆ. ಒಂದು ನೋಡೋಕೇ ಹೆದರಿಕೆ ಆಗತ್ತೆ, ಮರದ ಹಿಡಿ ಸೀಳಿ ತಂತಿ ಸುತ್ತಿದಾರೆ. ಇನ್ನೊಂದು ಇದೆ ನೋಡಿ, ಹೊಸಾ ಪಾಲಿಶ್ಶು, ಮುಖ ಕಾಣತ್ತೆ ಅದ್ರಲ್ಲಿ! ಟ್ರಿಗರ್ ಅಂತೂ ಬೆರಳು ತಾಗಿದ್ರೆ ಸಾಕು, ಟಪ್! ನಾನು ನಳಿಗೆ ಮಡಚಿ, ಸ್ಪ್ರಿಂಗು ಸೆಟ್ ಮಾಡಿ, ಹಾಗೇ ಒಂದು ಸಲ ಎಳೆದೂ ಬಿಟ್ಟೆ. ಅಷ್ಟೇ. ಬಾಬು ಸಾಬ್ರು ಸ್ಟವ್ವಿನ ಹಿಂದಿಂದ ಎದ್ದು ಬಂದ್ರು. "ಅರೇ ಬೇಟಿ! ಖಾಲಿ ಹೊಡೀತೀಯಾ? ಒಳಗೆ ಗುಂಡಿಲ್ದೆ ಸ್ಪ್ರಿಂಗು ಗೋಡೆಗೆ ತಲೆ ಚಚ್ಕೊಂಡ ಹಂಗೆ ಆಗತ್ತೆ. ಗನ್ ಹೊಡಿಯೋಕೆ ಬಂದಿದೀಯೋ ಗನ್ನಿಗೆ ಹೊಡಿಯೋಕೆ ಬಂದಿದೀಯೋ?" ಬಜಾರೆಲ್ಲ ತಿರುಗಿ ನೋಡ್ತು. ಸತ್ತೇ ಹೋದೆ ಮಾವಾ.

ಅದಕ್ಕೇ ಕೇಳ್ತಿದೀನಿ. ಹಳೇ ಗನ್ ತಗೊಳ್ಳುವಾಗ ಟ್ರಿಗರ್ ಒಳ್ಳೇದೋ ಕೆಟ್ಟದೋ ಹೇಗೆ ನೋಡ್ಬೇಕು? ನಿಮ್ಮನ್ನ ಬಿಟ್ರೆ ಕೇಳೋಕೆ ಯಾರಿದಾರೆ ಹೇಳಿ. ಅಪ್ಪ ಯಾವಾಗ್ಲೂ ಕ್ಯಾಂಪು. "ನಿಮ್ಮಮ್ಮ ಹೂಂ ಅಂದ್ರೆ ನಂದೂ ಹೂಂ" ಅಂದ್ರು. ಅಮ್ಮ ಹೂಂ ಅನ್ನಲ್ಲ, ಊಹೂಂ ಅನ್ನಲ್ಲ. ನೀವು ಅವಳನ್ನ ಕೇಳದೇ ನನ್ನ ಕ್ಲಬ್ಬಿಗೆ ಸೇರಿಸಿದ್ರಲ್ಲ, ಅವತ್ತಿಂದ ನಿಮ್ಮ ಹೆಸರೆತ್ತಿದ್ರೆ ಪಾತ್ರೆ ಸ್ವಲ್ಪ ಜೋರಾಗಿ ಕೆಳಗಿಡ್ತಾಳೆ. ನೀವೂ ದೀಪಾವಳಿಗೆ ಬರ್ಲಿಲ್ಲ. ಅಣ್ಣ ತಂಗಿ ಇಬ್ರೂ ಸಣ್ಣ ಮಕ್ಕಳ ಥರ ಠೂ ಬಿಟ್ಕೊಂಡು ಕೂತ್ರೆ ನಡುವೆ ನನ್ನ ಗತಿ ಏನು?

ನಿಮ್ಮ
ವಿಮಲಾ

ಹಾಂ, ಎಲ್ಲಾರೂ ಕ್ಷೇಮ.


ಭದ್ರಾವತಿ, ಹಳೇನಗರ
೫-೧೨-೧೯೬೩

ಚಿ. ವಿಮಲೂಗೆ ಆಶೀರ್ವಾದ.

ಕಣ್ಣಿನ ಪೊರೆ ಇನ್ನೂ ಬಲೀಬೇಕಂತೆ, ಬೇಸಿಗೇಲಿ ಆಪರೇಷನ್. ಅಲ್ಲೀವರೆಗೆ ಪಕ್ಕದ್ಮನೆ ಬಸವರಾಜೇಶ್ವರಿ ಟೀಚರ್ರೇ ನನ್ನ ಕಣ್ಣು, ಅವರೇ ನನ್ನ ಪೆನ್ನು. ನಿನ್ನ ಕಾಗದ ಓದಿ ಹೇಳಿದೋರೂ ಅವರೇ, ಇದನ್ನ ಬರೀತಿರೋರೂ ಅವರೇ. ಅದ್ರಿಂದ ಅವರ ಮೇಲೆ ಏನೂ ದೂರು ಬರೀಬೇಡ. (ಧಾರಾಳವಾಗಿ ಬರಿ. ಬಿಡದೆ ಓದಿ ಹೇಳ್ತೀನಿ. — ಬ.)

ನನ್ನ ಗನ್ನಿದ್ದಿದ್ರೆ ನಿಂಗೇ ಕೊಟ್ಬಿಡ್ತಿದ್ದೆ. ಹೊಳೆ ನೀರು ಮನೆಗೆ ನುಗ್ಗಿದ ವರ್ಷ ಅದನ್ನ ತುಕ್ಕು ತಿಂತು. ಸಂಸ್ಕೃತದ ಮೇಷ್ಟ್ರು ಬಂದೂಕು ಹಿಡೀತಾನೆ ಅಂತ ಈ ಊರಲ್ಲಿ ನಗದೇ ಇದ್ದೋರಿಲ್ಲ. ನಾನೇನು ಹಕ್ಕಿಗೆ ಹೊಡೆದ್ನೇ? ಬೆಂಕಿಪೊಟ್ಟಣಕ್ಕೆ ಹೊಡೆದೆ. ನಗೋರು ನಗ್ಲಿ. ಈಗ ಕೇಳು.

ಬೆರಳು ತಾಗಿದ್ರೆ ಟಪ್ ಅನ್ನೋ ಟ್ರಿಗರ್ ಒಳ್ಳೇದು ಅಂತ ಯಾರು ಹೇಳಿದ್ದು ನಿಂಗೆ? ಹಗುರ ಬೇರೆ, ಚೊಕ್ಕ ಬೇರೆ. ಒಳ್ಳೇ ಟ್ರಿಗರ್ ಎಳೆದ್ರೆ ಮೊದ್ಲು ಸ್ವಲ್ಪ ಸಡಿಲ ಬರತ್ತೆ. ಆಮೇಲೆ ಬೆರಳಿಗೆ ಒಂದು ಅಡ್ಡ ಸಿಗತ್ತೆ. ಅಲ್ಲಿ ನಿಲ್ಲೋಕೆ ಬರ್ಬೇಕು. ಉಸಿರು ಹಿಡಿದು, ಗುರಿ ನೋಡಿ, ಇನ್ನೊಂದು ಚೂರು ಒತ್ತಿದ್ರೆ ಕಡ್ಲೆಕಾಯಿ ಸಿಪ್ಪೆ ಒಡೆದ ಹಾಗೆ ಒಂದೇ ಸಲ ಬಿಡ್ಬೇಕು. ಕೆಟ್ಟದ್ದು ಹಾಗಲ್ಲ. ಹಲಸಿನ ಅಂಟಲ್ಲಿ ಬೆರಳಿಟ್ಟ ಹಾಗೆ ಎಳೀತಾ ಎಳೀತಾ ಹೋಗತ್ತೆ, ಯಾವಾಗ ಬಿಡತ್ತೋ ಅದಕ್ಕೇ ಗೊತ್ತಿರಲ್ಲ. ಇಲ್ಲಾಂದ್ರೆ ಅನ್ನದಲ್ಲಿ ಕಲ್ಲು ಸಿಕ್ಕ ಹಾಗೆ ನಡುವೆ ಕರ್ ಅನ್ನತ್ತೆ.

ಒಳಗೆ ಒಂದು ಕೊಕ್ಕೆ ಇರತ್ತೆ, ಸ್ಪ್ರಿಂಗನ್ನ ಹಿಡಿದಿಡೋದು ಅದೇ. ಕೆಲವರು ಟ್ರಿಗರ್ ಹಗುರಾಗ್ಲಿ ಅಂತ ಅದನ್ನ ಅರ ಹಾಕಿ ಉಜ್ಜಿಬಿಡ್ತಾರೆ. ಅದು ಅಪಾಯ ಮಗಳೇ. ಗುಂಡು ಹಾಕಿ, ಸೆಟ್ ಮಾಡಿ, ನಳಿಗೆ ಮರಳಿನ ಚೀಲಕ್ಕೆ ಇಟ್ಟು, ಹಿಂಬದಿಗೆ ಅಂಗೈಯಿಂದ ತಟ್ಟು. ತಟ್ಟಿದ್ದಕ್ಕೇ ಹಾರಿದ್ರೆ ಮತ್ತೆ ಅದರ ಕಡೆ ನೋಡಬೇಡ.

ಕೊನೇದು ಚೊಂಬಿನ ಪರೀಕ್ಷೆ. ಬಾಬು ಸಾಬ್ರ ಹತ್ರ ಮೇಜಿಗೆ ಬಿಗಿಸಿದ ವೈಸ್ ಇಕ್ಕಳ ಇರತ್ತೆ. ಗನ್ನನ್ನ ಬಟ್ಟೆ ಸುತ್ತಿ ಅದ್ರಲ್ಲಿ ಅಡ್ಡಕ್ಕೆ ಕಚ್ಚಿಸು, ಎದುರಿಗೆ ಮರಳಿನ ಚೀಲ. ಟ್ರಿಗರಿಗೆ ದಾರ ಕಟ್ಟಿ, ಮೇಜಿನ ಹಿಂದಿನ ಅಂಚಲ್ಲಿ ದಾರದ ರೀಲಿನ ಮೇಲಿಂದ ಇಳಿಬಿಟ್ಟು, ಚೊಂಬು ನೇತುಹಾಕು. ನಿಧಾನವಾಗಿ ನೀರು ಹುಯ್ಯಿ. ಎಲ್ಲೀವರೆಗೆ ತುಂಬಿದಾಗ ಬಿಡತ್ತೆ ನೋಡು. ಎಷ್ಟು ನೀರು ಅನ್ನೋದಕ್ಕಿಂತ, ಪ್ರತಿ ಸಲವೂ ಅಷ್ಟೇ ನೀರಿಗೆ ಬಿಡತ್ತೋ ಅನ್ನೋದು ಮುಖ್ಯ. ಟ್ರಿಗರ್ ಅಂದ್ರೆ ಮನುಷ್ಯ ಇದ್ದ ಹಾಗೆ. ಗಟ್ಟಿ ಇದ್ರೂ ಪರವಾಗಿಲ್ಲ, ಮಾತು ಒಂದೇ ಇರ್ಬೇಕು.

ಚಟ್ನಿಪುಡಿ ಮುಗಿದಿದೆ ಅಂತ ನಿಮ್ಮಮ್ಮ ಸರಸೂಗೆ ಹೇಳಬೇಡ.

ಇತಿ
ಜನಾರ್ದನ ಮಾವ


ಶಿವಮೊಗ್ಗ
೧೧-೧೨-೧೯೬೩

ಮಾವಾ ಮಾವಾ ಮಾವಾ,

ಇವತ್ತು ಗಾಂಧಿ ಬಜಾರಿಗೆ ಪುಕ್ಕಟೆ ನಾಟಕ.

ಮನೆ ಹಿತ್ತಾಳೆ ಚೊಂಬು ಬ್ಯಾಗಲ್ಲಿ ಹಾಕ್ಕೊಂಡು ಹೋದೆ. ಬಾಬು ಸಾಬ್ರು ಮೊದ್ಲು ಚೊಂಬು ನೋಡಿದ್ರು, ಆಮೇಲೆ ನನ್ನ ಮುಖ ನೋಡಿದ್ರು. "ಕಲಾಯಿ ಹಾಕ್ಬೇಕಾ ಬೇಟಿ?" ಅಂದ್ರು. ಟ್ರಿಗರ್ ತೂಕ ಮಾಡ್ಬೇಕು ಅಂದೆ. ಅವರು ಕೂತಿದ್ದ ಸ್ಟೂಲ್ ಬಿಟ್ಟು ಎದ್ದೇ ಬಿಟ್ರು. "ನನ್ನ ಸರ್ವೀಸಲ್ಲಿ ಇಂಥ ಗಿರಾಕಿ ಬಂದಿಲ್ಲ" ಅಂತ ಅವರೇ ವೈಸ್ ಬಿಗಿಸಿ, ಅವರೇ ಮರಳಿನ ಚೀಲ ಎಳ್ಕೊಂಡು ಬಂದ್ರು. ಪಕ್ಕದ ಬಳೆ ಅಂಗಡಿಯೋರು, ಎದುರಿನ ಟೈಲರ್ರು, ಒಬ್ಬ ಜಟಕಾದವನು, ಎಲ್ಲಾ ಬಂದು ನಿಂತ್ರು. ಟೈಲರ್ರು ರೀಲು ಕೊಟ್ರು.

ಪಾಲಿಶ್ ಗನ್ನು. ಮೊದಲನೇ ಸಲ ಕಾಲು ಚೊಂಬಿಗೆ ಟಪ್. ಎರಡನೇ ಸಲ ಮುಕ್ಕಾಲು ಆಗೋವರೆಗೂ ಸುಮ್ನೆ ಇತ್ತು. ಮೂರನೇ ಸಲ ನೀರೇ ಹುಯ್ಯಲಿಲ್ಲ ಮಾವಾ, ಖಾಲಿ ಚೊಂಬು ನೇತುಹಾಕಿದ್ದಕ್ಕೇ ಟಪ್! ಜಟಕಾದವನು "ಇದಕ್ಕಿಂತ ನನ್ನ ಕುದುರೆ ವಾಸಿ" ಅಂದ. ಆಮೇಲೆ ಹಿಂದೆ ತಟ್ಟಿ ನೋಡಿದ್ವಿ. ಹಾರ್ತು. ಮರಳು ಚಿಮ್ಮಿ ಟೈಲರ್ರ ಮೀಸೆ ಮೇಲೆ.

ಬಾಬು ಸಾಬ್ರ ಮುಖ ಸಣ್ಣಗಾಯ್ತು. "ಯಾರೋ ಅರ ಹಾಕಿದಾರೆ. ನಾನು ಬಿಚ್ಚಿ ನೋಡ್ಬೇಕಿತ್ತು, ಪಾಲಿಶ್ ನೋಡಿ ತಗೊಂಡ್ಬಿಟ್ಟೆ. ನನ್ನಂಥೋನೇ ಮೋಸ ಹೋದೆ ನೋಡು" ಅಂತ ಅದನ್ನ ತೆಗೆದು ಅಟ್ಟದ ಮೇಲೆ ಹಾಕಿದ್ರು. ಮಾರೋ ಸಾಮಾನಿನ ಸಾಲಲ್ಲಿ ಮತ್ತೆ ಇಡ್ಲಿಲ್ಲ.

ನಂಗೆ ಅಳು ಬಂತು. ಅಷ್ಟು ಚೆನ್ನಾಗಿತ್ತು ನೋಡೋಕೆ.

ಮನೆಗೆ ಬಂದ್ರೆ ಅಮ್ಮ ಚೊಂಬು ಹುಡುಕ್ತಿದ್ಲು. ಹೇಳ್ಬಿಟ್ಟೆ ಎಲ್ಲಾ. ಕೇಳಿ, "ಟ್ರಿಗರ್ ಚೊಂಬಲ್ಲಿ ಅಳೆಯೋ ಬುದ್ಧಿ ಇದೆ, ತಂಗಿ ಮನೆ ಬಾಗ್ಲು ಎಲ್ಲಿದೆ ಅಂತ ಬುದ್ಧಿ ಇಲ್ಲ" ಅಂದ್ಲು. ಯಾರಿಗೆ ಅಂದಿದ್ದು ಅಂತ ನಾನು ಕೇಳ್ಲಿಲ್ಲ.

ವಿಮಲಾ


ಭದ್ರಾವತಿ
೧೪-೧೨-೧೯೬೩

ಚಿ. ವಿಮಲೂ,

ಅಳಬೇಡ. ಪಾಲಿಶ್ಶು ಮರಕ್ಕೆ ಹಾಕೋದು, ಟ್ರಿಗರಿಗಲ್ಲ. ಆ ತಂತಿ ಸುತ್ತಿದ್ದು ನೋಡಿದ್ಯಾ? ನೋಡಿಲ್ಲ ತಾನೇ? ಹೋಗು.

ಬಾಬು ಸಾಬ್ರಿಗೆ ನನ್ನ ಸಲಾಂ ಹೇಳು. ಮಾಲು ವಾಪಸ್ ಅಟ್ಟಕ್ಕೆ ಹಾಕೋ ವ್ಯಾಪಾರಿ ಸಿಗೋದು ಕಷ್ಟ.

ಮಾವ

(ಬಾಗಿಲ ವಿಷಯ ಎರಡು ಸಲ ಓದಿಸಿದ್ರು. ಉತ್ತರ ಏನು ಬರೀಲಿ ಅಂದ್ರೆ ಹೊರಗೆ ಹೋಗಿ ಕೂತ್ರು. — ಬ.)


ಶಿವಮೊಗ್ಗ
೨೧-೧೨-೧೯೬೩

ಮಾವಾ,

ಬೇಜಾರಿನ ಕಾಗದ ಇದು.

ಧನುರ್ಮಾಸ ಅಲ್ವಾ, ಅಮ್ಮ ಬೆಳಿಗ್ಗೆ ಬೇಗ ಏಳಿಸ್ತಾಳೆ. ಪೂಜೆ ಮುಗಿಸಿ, ಹುಗ್ಗಿ ತಿಂದು, ಕಾಲೇಜಿಗೆ ಮುಂಚೆ ಏಳು ಗಂಟೆಗೆಲ್ಲಾ ಬಾಬು ಸಾಬ್ರ ಅಂಗಡೀಲಿದ್ದೆ. ಎಂಥಾ ಚಳಿ ಮಾರಾಯ್ರೇ. ಬಾಬು ಸಾಬ್ರು ಮಫ್ಲರಿನ ಒಳಗಿಂದ ಕಣ್ಣು ಮಾತ್ರ ತೋರಿಸ್ತಿದ್ರು.

ತಂತಿ ಸುತ್ತಿದ ಗನ್ನು. ತಟ್ಟಿದ್ರೆ ಹಾರಲ್ಲ, ಅದೊಂದು ಒಳ್ಳೇದು. ಚೊಂಬು ಕಂಠಮಟ್ಟ ತುಂಬ್ಬೇಕು, ಆಗ ಬಿಡತ್ತೆ. ಎಷ್ಟು ಸಲ ಮಾಡಿದ್ರೂ ಕಂಠಮಟ್ಟವೇ. ಆದ್ರೆ ಬೆರಳಲ್ಲಿ ಎಳೆದ್ರೆ ನೀವು ಹೇಳಿದ ಹಲಸಿನ ಅಂಟು. ಎಳಿ ಎಳಿ ಎಳಿ, ಅಡ್ಡಾನೇ ಸಿಗಲ್ಲ. ಇದನ್ನ ಹಿಡ್ಕೊಂಡು ಆಯ್ಕೆಗೆ ಹೋದ್ರೆ ಸುಬೇದಾರ್ ಸಾಹೇಬ್ರು ನನ್ನ ಬಾವಿ ಸೇದೋಕೆ ಕಳಿಸ್ತಾರೆ.

ಇನ್ನೆಲ್ಲೂ ಗನ್ನಿಲ್ಲ ಮಾವಾ. ಏನು ಮಾಡ್ಲಿ?

ವಿಮಲಾ


ಭದ್ರಾವತಿ
೨೪-೧೨-೧೯೬೩

ವಿಮಲೂ,

ಪ್ರತಿ ಸಲವೂ ಅಷ್ಟೇ ಅಂದ್ಯಲ್ಲ, ಅಲ್ಲಿಗೆ ಅದರ ಗುಣ ಒಳ್ಳೇದು. ಅಂಟು ನಿನ್ನ ಬೆರಳಿಂದೋ ಗನ್ನಿಂದೋ? ಚಳೀಲಿ ಬೆರಳು ಮರಗಟ್ಟಿರತ್ತೆ. ಬಿಸಿಲಲ್ಲಿ ಒಂದು ದಿನ, ಸಮಾಧಾನವಾಗಿ, ಮತ್ತೆ ನೋಡು.

ಮಾವ


ಶಿವಮೊಗ್ಗ
೨೮-೧೨-೧೯೬೩

ಮಾವಾ!!

ಕಾರ್ಡಲ್ಲಿ ಜಾಗ ಇಲ್ಲ, ಬೇಗ ಹೇಳ್ತೀನಿ. ಮಧ್ಯಾಹ್ನ ಮೂರು ಗಂಟೆಗೆ ಹೋದೆ. ಅದೇ ಗನ್ನು, ಅದೇ ಚೊಂಬು. ಅರ್ಧ ಚೊಂಬಿಗೇ ಬಿಡ್ತು! ಎಲ್ಲಾ ಸಲವೂ ಅರ್ಧವೇ! ಬೆರಳಿಗೆ ಸಡಿಲ, ಅಡ್ಡ, ಕಡ್ಲೆಕಾಯಿ, ಎಲ್ಲಾ ನೀವು ಹೇಳಿದ ಹಾಗೇ! ತಗೊಳ್ಳಾ? ತಗೊಳ್ಳಾ? ಬೇಗ ಬರೀರಿ.

ವಿ.


ಭದ್ರಾವತಿ
೩೧-೧೨-೧೯೬೩

ಚಿ. ವಿಮಲೂ,

ತಗೋಬೇಡ.

ನಿನ್ನ ಉತ್ಸಾಹಕ್ಕೆ ತಣ್ಣೀರು ಹಾಕ್ತಿದೀನಿ ಅಂತ ಗೊತ್ತು. ರಾತ್ರಿಯೆಲ್ಲಾ ಯೋಚನೆ ಮಾಡಿದೆ. ಬೆರಳು ಮರಗಟ್ಟಬಹುದು, ಚೊಂಬು ಮರಗಟ್ಟತ್ತಾ? ಒಂದು ದಿನ ಕಂಠಮಟ್ಟ, ಇನ್ನೊಂದು ದಿನ ಅರ್ಧ. ಕೊಕ್ಕೆ ಸವೆದಿದೆ, ಇಲ್ಲಾ ಒಳಗೆ ಏನೋ ಸೀಳಿದೆ. ಇವತ್ತು ಅರ್ಧಕ್ಕೆ ಬಂದಿದ್ದು ನಾಳೆ ಖಾಲಿ ಚೊಂಬಿಗೂ ಬರತ್ತೆ. ಮಾತು ಬದಲಾಯಿಸೋ ಬಂದೂಕನ್ನ ಮಗಳ ಕೈಗೆ ಕೊಡೋ ಅಷ್ಟು ದಡ್ಡ ನಾನಲ್ಲ. ನಿನ್ನ ಕಣ್ಣಿಗೆ ಏನಾದ್ರೂ ಆದ್ರೆ? ಕಣ್ಣಿನ ಬೆಲೆ ನಂಗೆ ಕೇಳು.

ಈ ವರ್ಷ ಇಲ್ಲಾಂದ್ರೆ ಮುಂದಿನ ವರ್ಷ. ಬೇಜಾರು ಮಾಡ್ಕೋಬೇಡ.

ಮಾವ

(ಬರೆಸುವಾಗ ತಾವೇ ಬೇಜಾರು ಮಾಡ್ಕೊಂಡಿದಾರೆ. ರಾತ್ರಿ ಊಟ ಬೇಡ ಅಂದ್ರು. ಬೈದು ರೊಟ್ಟಿ ತಿನ್ನಿಸಿದೆ. — ಬ.)


ಶಿವಮೊಗ್ಗ
೯-೧-೧೯೬೪

ಮಾವಾ,

ಕೂತ್ಕೊಳ್ಳಿ. ಟೀಚರ್, ನೀವೂ ಕೂತ್ಕೊಳ್ಳಿ. ಇದು ಉದ್ದ ಇದೆ.

ನಿಮ್ಮ "ತಗೋಬೇಡ" ಬಂದ್ಮೇಲೆ ಒಂದು ವಾರ ನಾನು ಮನೇಲಿ ಹೆಣದ ಥರ ಓಡಾಡ್ತಿದ್ದೆ. ನಿನ್ನೆ ಬೆಳಿಗ್ಗೆ ಬಾಬು ಸಾಬ್ರು ಹೇಳಿ ಕಳಿಸಿದ್ರು, ತೀರ್ಥಹಳ್ಳಿ ಕಡೆಯೋರೊಬ್ರು ಕೋತಿ ಓಡ್ಸೋಕೆ ಅಂತ ಆ ಗನ್ ಕೇಳಿದಾರೆ, ಶುಕ್ರವಾರ ಬರ್ತಾರೆ, ನಿಂಗೆ ಬೇಕಾ ಬೇಡ್ವಾ ಅಂತ. ನಾನು ಅಡುಗೆಮನೆ ಹೊಸಿಲ ಮೇಲೆ ಕೂತು ನಿಮ್ಮ ಕಾಗದಗಳನ್ನೆಲ್ಲಾ ಮೊದಲಿಂದ ಮತ್ತೆ ತೆಗೆದು ಜೋರಾಗಿ ಓದ್ತಾ ಅತ್ತೆ. ಓದಿದ್ದು ಅಮ್ಮಂಗೆ ಅಲ್ಲ, ನಂಗೇ. ಆದ್ರೆ ಅಡುಗೆಮನೆ ಇರೋದೇ ಅಷ್ಟು.

ಅಮ್ಮ ಒಲೆ ಮುಂದಿದ್ಲು. ತಿರುಗದೇ ಕೇಳಿದ್ಲು, "ಬಿಗಿ ಇದ್ದಿದ್ದು ಯಾವ ಹೊತ್ತಲ್ಲಿ?"

"ಬೆಳಿಗ್ಗೆ. ಏಳಕ್ಕೆ."

"ಸಲೀಸಾಗಿದ್ದು?"

"ಮಧ್ಯಾಹ್ನ ಮೂರಕ್ಕೆ. ನಿಂಗ್ಯಾಕೆ ಅಮ್ಮಾ ಅದೆಲ್ಲಾ?"

ಅವಳು ಒಲೆ ಪಕ್ಕದಿಂದ ತಲೆಗೆ ಹಚ್ಚೋ ಕೊಬ್ಬರಿ ಎಣ್ಣೆ ಬಾಟ್ಲಿ ತೆಗೆದು ನನ್ನ ಮುಂದೆ ಇಟ್ಲು. ಚಳಿಗೆ ಗಟ್ಟಿ ಆಗಿರತ್ತಲ್ಲ, ಕರಗ್ಲಿ ಅಂತ ದಿನಾ ಬೆಳಿಗ್ಗೆ ಅಲ್ಲಿಡ್ತಾಳೆ. ಒಲೆ ಕಡೆ ಇದ್ದ ಅರ್ಧ ನೀರಾಗಿತ್ತು, ಈಚೆ ಕಡೆ ಅರ್ಧ ಇನ್ನೂ ಬೆಳ್ಳಗೆ ಬೆಣ್ಣೆ ಥರ. ನಾನು ಬಾಟ್ಲಿ ನೋಡಿದೆ, ಅವಳನ್ನ ನೋಡಿದೆ. ಏನೂ ಹೊಳೀಲಿಲ್ಲ ಮಾವಾ! ಅಷ್ಟು ದಡ್ಡಿ ನಾನು!

"ಆ ಬಂದೂಕಿಗೆ ಯಾವ ಎಣ್ಣೆ ಹಾಕಿದಾರೆ ಅಂತ ನಿಮ್ಮ ಮಾವ ಕೇಳಿದ್ನಾ?" ಅಂದ್ಲು. "ಕೇಳಿಲ್ಲ. ನೀನು ನೋಡಿದ್ಯಾ? ನೋಡಿಲ್ಲ. ಇಬ್ರೂ ಸೇರಿ ಅದಕ್ಕೆ ಕೆಟ್ಟ ಹೆಸರು ಕೊಡ್ತಿದೀರಿ."

ಹೇಳಿ, ಒಲೆ ಕೆಂಡ ಹಿಂದಕ್ಕೆ ಎಳೆದು, ಸೆರಗು ಹೊದ್ದು, ಚಪ್ಪಲಿ ಮೆಟ್ಟಿದ್ಲು. ನಮ್ಮಮ್ಮ. ಗಾಂಧಿ ಬಜಾರಿಗೆ. ಬಂದೂಕಿನ ಅಂಗಡಿಗೆ! ದಾರೀಲಿ ನಮ್ಮ ಬೀದಿ ದಾಕ್ಷಾಯಣಮ್ಮ ಸಿಕ್ಕಿ, "ಎಲ್ಲಿಗೆ ಸರಸ್ವತಮ್ಮ ಇಷ್ಟೊತ್ತಿಗೇ?" ಅಂದ್ರೆ "ಸ್ಟವ್ ರಿಪೇರಿ" ಅಂದ್ಲು. ನಗು ತಡ್ಕೊಳ್ಳೋಕೆ ನಾನು ಕೆಮ್ಮಿದೆ.

ಬಾಬು ಸಾಬ್ರು ಅಮ್ಮನ್ನ ನೋಡಿ ಮಫ್ಲರ್ ಬಿಚ್ಚಿ ನಿಂತ್ಕೊಂಡ್ರು. "ಬನ್ನಿ ಅಮ್ಮಾವ್ರೇ. ಚೊಂಬು ವಾಪಸ್ ಕೇಳೋಕೆ ಬಂದ್ರಾ? ಮಗಳ ಹತ್ರಾನೇ ಇದೆ."

ಅಮ್ಮ ಸೀದಾ ಒಳಗೆ ಹೋದ್ಲು. ಗನ್ನು ಗೋಡೆಗೆ ಒರಗಿಸಿತ್ತು. ಬಗ್ಗಿ, ಟ್ರಿಗರಿನ ಸಂದಿಗೆ ಬೆರಳು ಹಾಕಿ ಒರೆಸಿದ್ಲು. ಬೆರಳು ಮೂಗಿನ ಹತ್ರ ತಂದ್ಲು. ನಂಗೂ ಮೂಸಿಸಿದ್ಲು. ಮಾವಾ, ನಮ್ಮ ಬಚ್ಚಲುಮನೆ ವಾಸನೆ!

"ಕೊಬ್ಬರಿ ಎಣ್ಣೆ" ಅಂದ್ಲು ಅಮ್ಮ.

"ತೌಬಾ!" ಅಂದ್ರು ಬಾಬು ಸಾಬ್ರು. ಅವರೂ ಬೆರಳು ಹಾಕಿದ್ರು, ಅವರೂ ಮೂಸಿದ್ರು. ಆಮೇಲೆ ತಲೆ ಮೇಲೆ ಕೈ ಇಟ್ಕೊಂಡು ಸ್ಟೂಲಿನ ಮೇಲೆ ಕೂತು ನಗೋಕೆ ಶುರು ಮಾಡಿದ್ರು. "ನಾನು ಬೀಗದ ಅಂಗಡಿಯೋನು, ದಿನಾ ಬೆಳಗಾದ್ರೆ ಎಣ್ಣೇಲೇ ಕೈ. ನಂಗೇ ಗೊತ್ತಾಗ್ಲಿಲ್ಲ ನೋಡಿ ಅಮ್ಮಾ!"

ಆ ಗನ್ನು ಫಾರೆಸ್ಟ್ ಗಾರ್ಡ್ ಆಗಿದ್ದ ಶಿವಯೋಗಪ್ಪ ಅನ್ನೋರದ್ದಂತೆ. ಅವರು ತೀರ್ಕೊಂಡ ಮೇಲೆ ಅವರ ಮನೆಯೋರು ಕಲ್ಲಮ್ಮ ಅದನ್ನ ಯಾರಿಗೂ ಕೊಡದೇ ಇಟ್ಕೊಂಡಿದ್ರಂತೆ. ಸೋಮವಾರ ಸೋಮವಾರ ತಲೆಗೆ ಹಾಕೋ ಎಣ್ಣೇನೇ ಹಚ್ಚಿ ಒರೆಸಿ ಇಡ್ತಿದ್ರಂತೆ, ತುಕ್ಕು ಹಿಡೀಬಾರ್ದು ಅಂತ. ಅಷ್ಟು ವರ್ಷದ ಎಣ್ಣೆ ಒಳಗಿಳಿದು ಕೂತಿದೆ. ಬೆಳಿಗ್ಗೆ ಚಳಿಗೆ ಗಟ್ಟಿ, ಬಿಸಿಲು ಏರಿದ್ಮೇಲೆ ಕರಗಿ ನೀರು. ಗನ್ನು ಮಾತು ಬದಲಾಯಿಸ್ತಿರ್ಲಿಲ್ಲ ಮಾವಾ. ಪಾಪ, ಅದಕ್ಕೆ ಚಳಿ ಆಗ್ತಿತ್ತು, ಅಷ್ಟೇ.

ಅಮ್ಮ ಅದನ್ನ ಕೇಳಿ, ತಂತಿ ಸುತ್ತಿದ ಕಡೆ ಒಂದ್ಸಲ ಸವರಿದ್ಲು. "ಸೀಮೆಎಣ್ಣೇಲಿ ಚೆನ್ನಾಗಿ ತೊಳೀರಿ. ಹೊಲಿಗೆ ಮಿಷನ್ನಿಗೆ ಹಾಕೋ ಎಣ್ಣೆ ಒಂದೇ ಹನಿ ಬಿಡಿ. ನಾಳೆ ಬೆಳಿಗ್ಗೆ ಏಳಕ್ಕೇ ಇವಳು ಬಂದು ನೋಡ್ತಾಳೆ, ಬಿಸಿಲಲ್ಲಿ ನೋಡೋದೆಲ್ಲ ನೋಡೋದಲ್ಲ" ಅಂದ್ಲು.

ಮಾವಾ, ಅದೇ ಅವಳ "ಹೂಂ"!

ಇವತ್ತು ಏಳಕ್ಕೆ ಹೋದೆ. ಹಲ್ಲು ಕಟಕಟ ಅನ್ನೋ ಚಳಿ. ಅರ್ಧ ಚೊಂಬು. ಸಂಜೆ ನಾಲ್ಕಕ್ಕೆ ಮತ್ತೆ ಹೋದೆ. ಅರ್ಧ ಚೊಂಬು. ಟೈಲರ್ರು ಚಪ್ಪಾಳೆ ತಟ್ಟಿದ್ರು. ಗನ್ನು ಈಗ ನನ್ನ ಪಕ್ಕದಲ್ಲೇ ಇದೆ, ಅಪ್ಪನ ಹಳೇ ಪಂಚೆ ಹೊದ್ಕೊಂಡು. ತೀರ್ಥಹಳ್ಳಿ ಕೋತಿಗಳು ಬಚಾವ್.

ಈ ಕಾಗದದ ಜೊತೆ ಬಸ್ಸಿನ ಕಂಡಕ್ಟರ್ ಹತ್ರ ಒಂದು ಡಬ್ಬಿ ಬರತ್ತೆ. ಚಟ್ನಿಪುಡಿ. ನಾನು ಏನೂ ಹೇಳ್ಲಿಲ್ಲ, ಪ್ರಾಮಿಸ್. ಕಾಗದ ಜೋರಾಗಿ ಓದಿದ್ದೆ ಅಷ್ಟೇ.

ನಿಮ್ಮ
ವಿಮಲಾ


ಭದ್ರಾವತಿ
೧೨-೧-೧೯೬೪

ಚಿ. ವಿಮಲೂಗೆ,

ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು. ಪೊರೆ ಬಂದ ಕಣ್ಣಲ್ಲೂ ನೀರು ಬರತ್ತೆ ಅಂತ ಗೊತ್ತಾಯ್ತು.

ಸೋತೆ. ಒಪ್ಪಿದೆ. 'ಮಾತು ಒಂದೇ ಇರ್ಬೇಕು' ಅಂತ ದೊಡ್ಡದಾಗಿ ಬರೆಸಿದ್ನಲ್ಲ, ಬೆಳಗಿನ ಚಳೀಲಿ ಬಿಗಿಯಾಗಿರೋದೂ ಒಂದು ಸ್ವಭಾವ ಅಂತ ಯೋಚನೆ ಮಾಡ್ಲಿಲ್ಲ. ಸರಸೂ ಸಣ್ಣೋಳಿದ್ದಾಗಿಂದಲೂ ಹಾಗೇ. ನಾನು ಸೂತ್ರ ಹೇಳ್ತಿದ್ದೆ, ಅವಳು ಅರ್ಥ ಕೇಳ್ತಿದ್ಲು.

ಅವಳಿಗೆ ಹೇಳು... ಟೀಚರ್ರೇ, ಏನು ಬರೆಸ್ಲಿ? ಚಟ್ನಿಪುಡಿಗೆ ಉಪ್ಪು ಸರಿಯಾಗಿದೆ ಅಂತ ಬರೀರಿ. ಅಷ್ಟು ಸಾಕು.

ಈಗ ನಿನ್ನ ಪಾಠ. ಉಳಿದಿರೋದು ಒಂದೇ ವಾರ. ದಿನಾ ಗುಂಡು ಹಾಕಿ ಹೊಡಿ, ಆದ್ರೆ ಟ್ರಿಗರ್ ಎಳೀಬೇಡ, ಒತ್ತು. ಉಸಿರು ಅರ್ಧ ಬಿಟ್ಟು ಹಿಡ್ಕೋ. ಆಯ್ಕೆ ದಿನ ಬೇರೆ ಹುಡುಗೀರ ಪಾಲಿಶ್ ಗನ್ ನೋಡಿ ಎದೆ ಒಡ್ಕೋಬೇಡ.

ಮಾವ

(ಡಬ್ಬಿ ನಂಗೆ ಮುಟ್ಟೋಕೂ ಕೊಟ್ಟಿಲ್ಲ. ನಾನು ದೂರು ಬರೀಬಹುದಾ? — ಬ.)


ಶಿವಮೊಗ್ಗ
೪-೨-೧೯೬೪

ಅಣ್ಣಾ,

ನಮಸ್ಕಾರ. ಟೀಚರ್ರಿಗೂ ನಮಸ್ಕಾರ. ಓದುವಾಗ ನಗಬೇಡಿ, ನಂಗೆ ಕಾಗದ ಬರೆದು ಅಭ್ಯಾಸ ಇಲ್ಲ.

ವಿಮಲಾ ನಿನ್ನೆ ರಾತ್ರಿ ರೈಲಿಗೆ ಮೈಸೂರಿಗೆ ಹೋದ್ಲು. ನಾಲ್ಕು ಹುಡುಗೀರು, ಜೊತೆಗೆ ಸುಬೇದಾರ್ರು, ಅವರ ಹೆಂಡತಿ. ಆಯ್ಕೆ ಆದ ದಿನವೇ ನಿಂಗೆ ಬರೀತೀನಿ ಅಂತ ಕೂತ್ಲು, ನಾನೇ ಬೇಡ ಅಂದೆ. ನಾನು ಬರೀತೀನಿ ಅಂದೆ. ಹೀಗೆ ಬರೀಬೇಕು ಹಾಗೆ ಬರೀಬೇಕು ಅಂತ ಇಷ್ಟು ದಿನ ಮಾಡ್ಬಿಟ್ಟೆ. ನೀನು ಅಲ್ಲಿ ಏನಾಯ್ತೋ ಅಂತ ಕಾಯ್ತಿರ್ತೀಯ ಅಂತ ಗೊತ್ತಿತ್ತು. ಕಾಯ್ಲಿ ಅಂತಾನೂ ಇತ್ತು ಸ್ವಲ್ಪ. ದೀಪಾವಳೀಲಿ ನಾನೂ ಎಣ್ಣೆ ಕಾಯಿಸಿಟ್ಟು ಕಾದಿದ್ದೆ.

ಆಯ್ಕೆಗೆ ನಾನೂ ಹೋಗಿದ್ದೆ. ದೂರದಲ್ಲಿ, ಮರದ ಕೆಳಗೆ, ಛತ್ರಿ ಹಿಡ್ಕೊಂಡು. ನನ್ನ ಕಂಡ್ರೆ ಅವಳ ಕೈ ನಡುಗತ್ತೆ ಅಂತ ಆ ಕಡೆ ತಿರುಗಿ ನಿಂತಿದ್ದೆ. ಸದ್ದು ಮಾತ್ರ ಕೇಳ್ತಿತ್ತು. ಎಲ್ರೂ ಟಪ ಟಪ ಹೊಡೀತಿದ್ರು, ಒಬ್ಳು ಮಾತ್ರ ತಡ್ಕೊಂಡು ತಡ್ಕೊಂಡು ಹೊಡೀತಿದ್ಲು. ಅದೇ ನಮ್ಮೋಳು ಅಂತ ಗೊತ್ತಾಯ್ತು. ಬೇರೆಯೋರು ಅವಳ ತಂತಿ ಸುತ್ತಿದ ಬಂದೂಕು ನೋಡಿ ಮೊದ್ಲು ನಕ್ರಂತೆ, ಮುಗಿದ್ಮೇಲೆ ಒಬ್ಳು ಬಂದು ಒಂದ್ಸಲ ಹಿಡೀಲಾ ಅಂತ ಕೇಳಿದ್ಲಂತೆ. ಎರಡನೇ ಹೆಸರು ಇವಳದ್ದೇ ಓದಿದ್ರು. ಮನೆಗೆ ಬರೋವರೆಗೂ ನನ್ನ ಕೈ ಬಿಡ್ಲಿಲ್ಲ. ಅಷ್ಟು ದೊಡ್ಡೋಳಾದ್ಮೇಲೂ.

ನಂಗೆ ಕೋಪ ಇದ್ದಿದ್ದು ಬಂದೂಕಿಗಲ್ಲ ಅಣ್ಣಾ. ಬಂದೂಕೇನು, ಮಾಡ್ಲಿ. ನನ್ನ ಮಗಳ ವಿಷಯಾನ ನನ್ನ ಕೇಳದೇ ಮಾಡಿದ್ಯಲ್ಲ, ಅದಕ್ಕೆ. ಕೇಳಿದ್ರೆ ಬೇಡ ಅಂತಿದ್ದೆ ಅಂತ ನೀನು ಅಂದ್ಕೊಂಡೆ. ಇರಬಹುದು. ಆದ್ರೂ ಕೇಳ್ಬೇಕಿತ್ತು. ಹೇಳಿ ಆಯ್ತು, ಮುಗೀತು.

ಮನೆ ಬಿಕೋ ಅಂತಿದೆ. ಅವರು ಸಾಗರದ ಕಡೆ ಕ್ಯಾಂಪಿಗೆ ಹೋದೋರು ಇನ್ನೂ ಬಂದಿಲ್ಲ. ಭಾನುವಾರ ವಿಮಲಾ ಬರ್ತಾಳೆ, ನೀನೂ ಅವತ್ತೇ ಬಾ. ಕಣ್ಣು ಕಾಣಲ್ಲ ಅಂತ ನೆಪ ಹೇಳಬೇಡ, ಟೀಚರ್ರನ್ನೂ ಕರ್ಕೊಂಡು ಬಾ. ಅವರಿಗೆ ಬೇರೆ ಡಬ್ಬಿ ಇಟ್ಟಿದೀನಿ, ನಿನ್ನ ಕೈಗೆ ಕೊಡಲ್ಲ. ಕಣ್ಣಿನ ಆಪರೇಷನ್ ಇಲ್ಲೇ ಮಾಡಿಸೋಣ, ಅಲ್ಲಿ ನಿನ್ನ ನೋಡ್ಕೊಳ್ಳೋರ್ಯಾರು. ಇದನ್ನ ನಾನು ಕೇಳ್ತಿಲ್ಲ, ಹೇಳ್ತಿದೀನಿ.

ಇದರ ಜೊತೆ ಒಂದು ರಟ್ಟಿನ ಕಾರ್ಡು ಇಟ್ಟಿದೀನಿ. ಅವಳು ಹೋಗೋ ಹಿಂದಿನ ದಿನ ನಮ್ಮ ಹಿತ್ತಲಲ್ಲಿ, ಮಣ್ಣಿನ ಗೋಡೆಗೆ ಸಿಕ್ಕಿಸಿ ಹೊಡೆದಿದ್ದು. ಟೀಚರ್ರು ನೋಡಿ ಹೇಳೋದು ಬೇಡ, ನೀನೇ ಬೆರಳಾಡಿಸಿ ನೋಡು. ನಡುವೆ ತೂತುಗಳು ಒಂದಕ್ಕೊಂದು ಅಂಟ್ಕೊಂಡು ಗುಂಪಾಗಿವೆ, ಬೆರಳು ಅಲ್ಲೇ ಇಳಿಯತ್ತೆ. ಅವು ವಿಮಲಾಂದು. ಆಮೇಲೆ ಹಾಗೇ ಎಡಕ್ಕೆ, ಮೇಲಕ್ಕೆ, ಮೂಲೆವರೆಗೂ ಹೋಗು. ಅಂಚಿಗೆ ತಾಗಿ ಒಂದೇ ಒಂದು ಸಿಗತ್ತೆ.

ಅದು ನಂದು.

ನಿನ್ನ ತಂಗಿ
ಸರಸ್ವತಿ